ಶೆಲ್ಟರ್ ಮಕ್ಕಳ ಜೊತೆ ಬರೀ ಆಟ ಆಡಿ ಬಂದ್ರೆ ಏನು ಉಪಯೋಗ?

ಪ್ರಶ್ನೆ: ಮನೆ ಕಳ್ಕೊಂಡ ಕುಟುಂಬಗಳು ಇರೋ ಶೆಲ್ಟರ್‌ನಲ್ಲಿ ಮಕ್ಕಳನ್ನ ಆಡ್ಸೋಕೆ ವಾಲಂಟಿಯರ್ಸ್ ಬೇಕಂತೆ. ನಂಗೆ ಆಸೆ ಇದೆ, ಆದ್ರೆ ನಾನು ಟೀಚರೂ ಅಲ್ಲ ಕೌನ್ಸೆಲರೂ ಅಲ್ಲ. ವಾರಕ್ಕೆ ಎರಡು ಗಂಟೆ ಆಡಿ ಬಂದ್ರೆ ಆ ಮಕ್ಕಳಿಗೆ ಏನಾದ್ರೂ ಆಗುತ್ತಾ?

ಆಗುತ್ತೆ. ಆದ್ರೆ ಹೇಳಿದ ದಿನ ಹೇಳಿದ ಟೈಮಿಗೆ ಹೋಗ್ಬೇಕು, ನಿಮಗೆ ಆಡ್ಸೋಕೆ ಬರುತ್ತೋ ಇಲ್ವೋ ಅನ್ನೋದು ಆಮೇಲಿನ ಮಾತು. ಈ ಮಕ್ಕಳಿಗೆ ಎಲ್ಲಾನೂ ಹೇಳ್ದೆ ಕೇಳ್ದೆ ಬದಲಾಗಿರುತ್ತೆ, ಮನೆ ಹೋಯ್ತು, ಸ್ಕೂಲ್ ಬದಲಾಯ್ತು, ಫ್ರೆಂಡ್ಸ್ ಅಲ್ಲೇ ಉಳ್ಕೊಂಡ್ರು, ಈಗ ಒಂದೇ ರೂಮಲ್ಲಿ ಇಡೀ ಸಂಸಾರ, ಸ್ವಲ್ಪ ಓಡಾಡಿದ್ರೂ ಪಕ್ಕದವ್ರಿಗೆ ತೊಂದ್ರೆ ಅಂತ ಅಮ್ಮ ಗದರ್ತಾನೇ ಇರ್ತಾಳೆ. ಅಂಥದ್ರಲ್ಲಿ ಮಂಗಳವಾರ ಅಂದ್ರೆ ಈ ಅಕ್ಕ ಬಂದೇ ಬರ್ತಾಳೆ ಅನ್ನೋದೊಂದು ಗ್ಯಾರಂಟಿ ಇದ್ರೆ ಅದು ಸಣ್ಣದಲ್ಲ. ಎರಡು ವಾರ ಜೋರಾಗಿ ಹೋಗಿ ಮೂರನೇ ವಾರ ನಾಪತ್ತೆ ಆಗೋದಾದ್ರೆ ದಯವಿಟ್ಟು ಹೋಗ್ಲೇಬೇಡಿ.

ಅಂದಹಾಗೆ 'ಬರೀ ಆಟ' ಅನ್ಬೇಡಿ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಆಟವನ್ನ ಹಕ್ಕು ಅಂತಾನೇ ಹೇಳುತ್ತೆ. ಜೊತೆಗೆ ಆ ಎರಡು ಗಂಟೇಲಿ ಅಪ್ಪ ಅಮ್ಮಂಗೆ ಕೆಲ್ಸಕ್ಕೆ ಫೋನ್ ಮಾಡೋಕೆ, ಫಾರಂ ತುಂಬೋಕೆ, ಏನಿಲ್ಲ ಅಂದ್ರೂ ನೆಮ್ಮದಿಯಾಗಿ ಸ್ನಾನ ಮಾಡೋಕೆ ಟೈಮ್ ಸಿಗುತ್ತೆ.

ಇನ್ನು ಆಟದಲ್ಲಿ ಬಾಸ್ ಮಗುನೇ, ನೀವಲ್ಲ. ನಾನು ಹೋಗ್ತಿದ್ದಾಗ ಒಬ್ಬ ಹುಡುಗ ಪಾತ್ರೆ ಆಟಿಕೆ, ಗೊಂಬೆ, ಎಲ್ಲಾ ಒಂದು ಬ್ಯಾಗಿಗೆ ತುಂಬಿ ಮೂಲೆಗೆ ಎಳ್ಕೊಂಡು ಹೋಗಿ ಇದೇ ನಮ್ಮನೆ ಅಂತಿದ್ದ, ಐದು ನಿಮಿಷಕ್ಕೆ ಮತ್ತೆ ಗಂಟುಮೂಟೆ ಕಟ್ಟಿ ಇನ್ನೊಂದು ಮೂಲೆಗೆ. ಯಾಕೋ ಪುಟ್ಟ ಮತ್ತೆ ಹೊರಟೆ ಅಂದೆ, ಆಟ ನಿಲ್ಸೇ ಬಿಟ್ಟ. ಮುಂದಿನ ವಾರ ಬುದ್ಧಿ ಬಂದು ನಾನೇನು ಹೊತ್ಕೊಳ್ಲಿ ಅಂತ ಕೇಳಿದ್ದಕ್ಕೆ ಗೊಂಬೆ ಕೊಟ್ಟು 'ಪಾಪು ಎತ್ಕೋ, ಅಳ್ಬಾರ್ದು ಅಂತ ಹೇಳು' ಅಂದ. ಮಕ್ಕಳು ನಡೆದಿದ್ದನ್ನ ಹೀಗೇ ಆಡಿ ಆಡಿ ಅರಗಿಸ್ಕೊಳ್ತಾರೆ, ನಾವು ಕೆದಕಿ ಕೇಳೋದು ಬೇಡ. ಆದ್ರೆ ಮಗು ತಾನಾಗೇ ಯಾರೋ ಹೊಡೀತಾರೆ ಅಂತ ಏನಾದ್ರೂ ಹೇಳಿದ್ರೆ 'ಯಾರಿಗೂ ಹೇಳಲ್ಲ' ಅಂತ ಮಾತ್ರ ಮಾತು ಕೊಡ್ಬೇಡಿ, ಸ್ಟಾಫ್‌ಗೆ ತಿಳಿಸ್ಲೇಬೇಕು.

ಸೇರೋ ಮುಂಚೆ ನಿಮ್ಮ ಹಿನ್ನೆಲೆ ಚೆಕ್ ಮಾಡ್ಬೋದು, ಬೇಜಾರ್ ಮಾಡ್ಕೋಬೇಡಿ, ಮಾಡ್ದೇ ಇರೋ ಕಡೆನೇ ಅನುಮಾನ ಪಡ್ಬೇಕು. ಮಗು ಜೊತೆ ಒಬ್ರೇ ಮರೆಗೆ ಹೋಗೋದು ಬೇಡ. ಒಬ್ಬರಿಗೆ ಮಾತ್ರ ಗಿಫ್ಟ್ ಬೇಡ. ಫೋಟೋ ಅಂತೂ ಬೇಡ್ವೇ ಬೇಡ, ಹೊಡೆಯೋ ಗಂಡನಿಂದ ತಪ್ಪಿಸ್ಕೊಂಡು ಬಂದ ತಾಯಂದಿರೂ ಅಲ್ಲಿರ್ತಾರೆ, ಒಂದು ಸ್ಟೇಟಸ್ ಸಾಕು ಅವ್ರಿರೋ ಜಾಗ ಗೊತ್ತಾಗೋಕೆ.

ಒಂದಿನ ನೀವು ಹೋದಾಗ ಆ ಮಗು ಇರಲ್ಲ, ಅವ್ರಿಗೆ ಮನೆ ಸಿಕ್ಕಿರ್ಬೋದು, ಟಾಟಾ ಹೇಳೋಕೂ ಆಗಿರಲ್ಲ, ಸಂಕಟ ಆಗುತ್ತೆ. ನೀವೇ ಬಿಡೋದಾದ್ರೆ ಮಾತ್ರ ಎರಡ್ಮೂರು ವಾರ ಮುಂಚೆನೇ ಮಕ್ಕಳಿಗೆ ಹೇಳಿ.

ಮೊದಲ್ನೇ ದಿನ ಯಾರೂ ಹತ್ರ ಬರ್ದೇ ಇದ್ರೆ ನೆಲದ ಮೇಲೆ ಕೂತು ನಿಮ್ಮ ಪಾಡಿಗೆ ಬ್ಲಾಕ್ಸ್ ಜೋಡಿಸ್ತಿರಿ, ಬೀಳ್ಸೋಕಾದ್ರೂ ಯಾರೋ ಒಬ್ರು ಬರ್ತಾರೆ.