ಕೀಮೋ ಮುಗಿಯಿತು, ಲಿವರ್ ಮಾತ್ರೆ ನಿಲ್ಲಿಸಬಹುದಾ?

ಪ್ರಶ್ನೆ: ಅಮ್ಮನಿಗೆ ಲಿಂಫೋಮಾ ಎಂಬ ಕ್ಯಾನ್ಸರ್. ಗೋಣಿಕೊಪ್ಪದಿಂದ ಮೈಸೂರಿಗೆ ಓಡಾಡಿ ಆರು ಸಲ ಕೀಮೋ ಮುಗಿಸಿದೆವು. ಜೊತೆಗೆ ಕೊಟ್ಟ ಎಂಟೆಕಾವಿರ್ ಮಾತ್ರೆ ಇನ್ನೂ ನುಂಗಬೇಕಂತೆ. ಅಮ್ಮನಿಗೆ ಯಾವತ್ತೂ ಕಾಮಾಲೆ ಬಂದಿಲ್ಲ, ಲಿವರ್ ರಿಪೋರ್ಟೂ ನಾರ್ಮಲ್. ನಿಲ್ಲಿಸಬಹುದಾ?

ಉತ್ತರ: ದಯವಿಟ್ಟು ನೀವಾಗಿ ನಿಲ್ಲಿಸಬೇಡಿ. ಎಂಟೆಕಾವಿರ್ ಅಂದರೆ ಲಿವರಿಗೆ ತಗಲುವ ಹೆಪಟೈಟಿಸ್ ಬಿ ವೈರಸ್ಸನ್ನು ಅದುಮಿಡುವ ಮಾತ್ರೆ. ರಿಪೋರ್ಟ್ ನಾರ್ಮಲ್ ಇರುವುದು ಆ ಮಾತ್ರೆಯಿಂದಲೇ ಇರಬಹುದು.

ಕೀಮೋಗೆ ಮುಂಚಿನ ರಕ್ತಪರೀಕ್ಷೆಯ ಹಾಳೆಯನ್ನು ಫೈಲಿನಿಂದ ತೆಗೆದು ನೋಡಿ. ಎಚ್‌ಬಿಎಸ್‌ಎಜಿ ಪಾಸಿಟಿವ್ ಅಂದರೆ ಹೆಪಟೈಟಿಸ್ ಬಿ ಸೋಂಕು ಈಗಲೂ ಇದೆ. ಅದು ನೆಗೆಟಿವ್ ಇದ್ದು ಆಂಟಿ-ಎಚ್‌ಬಿಸಿ ಪಾಸಿಟಿವ್ ಇದ್ದರೆ, ಯಾವಾಗಲೋ ಸದ್ದಿಲ್ಲದೆ ಬಂದುಹೋದ ಗುರುತು. ಹೋಯಿತು ಅಂದರೂ ವೈರಸ್ಸಿನ ಡಿಎನ್‌ಎ ಲಿವರ್ ಜೀವಕೋಶಗಳ ಒಳಗೆ ಉಳಿದೇ ಇರುತ್ತದೆ. ಅದನ್ನು ಅದುಮಿಟ್ಟಿರುವುದು ದೇಹದ ರೋಗನಿರೋಧಕ ಶಕ್ತಿ. ಕೀಮೋ ಆ ಶಕ್ತಿಯನ್ನು ಕುಗ್ಗಿಸಿದಾಗ ವೈರಸ್ ಹೆಚ್ಚುತ್ತದೆ, ಆದರೆ ಆಗ ಹೊರಗೆ ಏನೂ ಕಾಣದಿರಬಹುದು. ಕೀಮೋ ನಿಂತು ಶಕ್ತಿ ಮರಳಿದಾಗ ದೇಹವೇ ಸೋಂಕಿರುವ ಲಿವರ್ ಕೋಶಗಳ ಮೇಲೆ ಬೀಳುತ್ತದೆ. ಎಷ್ಟೋ ಸಲ ಕಾಮಾಲೆ ಕಾಣುವುದು ಆಗಲೇ, ಎಲ್ಲ ಮುಗಿಯಿತೆಂದು ಮನೆಯವರು ಉಸಿರು ಬಿಟ್ಟ ಮೇಲೆ. ಲಿವರ್ ಪೂರ್ತಿ ಸೋತು ಜೀವ ಹೋಗುವುದೂ ಉಂಟು.

ಅಮ್ಮನಿಗೆ ಕೀಮೋ ಜೊತೆ ರಿಟುಕ್ಸಿಮ್ಯಾಬ್ ಎಂಬ ಔಷಧಿ ಕೊಟ್ಟಿದ್ದಾರಾ ಕೇಳಿ. ಅದು ರೋಗನಿರೋಧಕ ಶಕ್ತಿಯ ಭಾಗವಾದ ಬಿ-ಕೋಶಗಳನ್ನೇ ಅಳಿಸುತ್ತದೆ, ಅವು ಮರಳಲು ತಿಂಗಳುಗಟ್ಟಲೆ ಬೇಕು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲಿ ಈ ಅಪಾಯದ ಎಚ್ಚರಿಕೆಯನ್ನು ಬಿಗಿ ಮಾಡಿತು. ಹಾಗಾಗಿ ರಿಟುಕ್ಸಿಮ್ಯಾಬ್ ಪಡೆದವರಿಗೆ ಕೊನೆಯ ಡೋಸಿನ ನಂತರ 12ರಿಂದ 18 ತಿಂಗಳು, ಬೇರೆ ಕೀಮೋ ಆದರೆ 6ರಿಂದ 12 ತಿಂಗಳು ಮಾತ್ರೆ ಮುಂದುವರಿಸುತ್ತಾರೆ. ನಿಲ್ಲಿಸಿದ ಮೇಲೂ ಸುಮಾರು ಒಂದು ವರ್ಷ ಆಗಾಗ ರಕ್ತಪರೀಕ್ಷೆ ಇರುತ್ತದೆ.

ಎಂಟೆಕಾವಿರ್ ಖಾಲಿ ಹೊಟ್ಟೆಗೆ ಬೇಕು: ಊಟವಾಗಿ ಎರಡು ಗಂಟೆಯ ನಂತರ, ಮುಂದಿನ ಊಟಕ್ಕೆ ಎರಡು ಗಂಟೆ ಮುಂಚೆ. ಎಂಟಕ್ಕೆ ಅಕ್ಕಿ ಒಟ್ಟಿ (ರೊಟ್ಟಿ) ತಿಂದರೆ ಹತ್ತಕ್ಕೆ ಮಲಗುವಾಗ ನುಂಗಲಿ.

ಕಣ್ಣು ಹಳದಿಯಾದರೆ, ಮೂತ್ರ ಹಾಲಿಲ್ಲದ ಕಾಫಿಯ ಬಣ್ಣಕ್ಕೆ ತಿರುಗಿದರೆ ಅವತ್ತೇ ಆಸ್ಪತ್ರೆಗೆ ಹೊರಡಿ. ಕಾಮಾಲೆ ಅಂದ ಕೂಡಲೇ ನಾಟಿ ಮದ್ದಿನ ಮನೆ ಹುಡುಕುವುದು ನಮ್ಮಲ್ಲಿ ರೂಢಿ. ಹೆಪಟೈಟಿಸ್ ಎ ಸಾಮಾನ್ಯವಾಗಿ ತಾನಾಗೇ ಇಳಿಯುತ್ತದೆ, ಹೆಸರು ಮದ್ದಿಗೆ ಬರುತ್ತದೆ. ಇಲ್ಲಿ ಹಾಗೆ ಕಾಯಲು ಸಮಯವಿಲ್ಲ.

ದುಡ್ಡಿನ ಚಿಂತೆಯಿದ್ದರೆ ಮಡಿಕೇರಿ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ, ಔಷಧಿ ಉಚಿತ. ಅಮ್ಮನ ಎಚ್‌ಬಿಎಸ್‌ಎಜಿ ಪಾಸಿಟಿವ್ ಇದ್ದರೆ ನೀವು, ಒಡಹುಟ್ಟಿದವರೂ ಪರೀಕ್ಷೆ ಮಾಡಿಸಿಕೊಳ್ಳಿ. ಮತ್ತೆ, ಮರ ಬಿದ್ದು ದಾರಿ ಬಂದ್ ಆಗುವ ಊರು ನಮ್ಮದು. ಜೂನ್‌ಗೆ ಮುಂಚೆಯೇ ಎರಡು ತಿಂಗಳ ಮಾತ್ರೆ ತಂದಿಟ್ಟುಕೊಳ್ಳಿ.