ಲಿಪ್‌ಸ್ಟಿಕ್ ಹಚ್ಚಿಕೊಂಡು ಓಟು ಹಾಕಬೇಡಿ: 1946ರ ಇಟಲಿ

1946ರ ಜೂನ್ 2, ಭಾನುವಾರ. ಅವತ್ತು ಓಟು ಹಾಕಲು ಹೊರಟಿದ್ದ ಇಟಲಿಯ ಹೆಂಗಸರಿಗೆ ಮಿಲಾನಿನ 'ಕೊರಿಯೆರೆ ದೆಲ್ಲಾ ಸೇರಾ' ಪತ್ರಿಕೆ ಒಂದು ಕಿವಿಮಾತು ಹೇಳಿತ್ತು: ತುಟಿಗೆ ಲಿಪ್‌ಸ್ಟಿಕ್ ಬೇಡ. ಮತಪತ್ರವನ್ನು ಮಡಚಿ, ಅಂಚಿನ ಅಂಟನ್ನು ನಾಲಿಗೆಯಿಂದ ಒದ್ದೆ ಮಾಡಿ ಅಂಟಿಸಬೇಕಿತ್ತು. ಬಣ್ಣ ತಾಗಿದರೆ ಅದು ಬೇಕಂತಲೇ ಮಾಡಿದ ಗುರುತು ಅಂತ ಓಟು ಅಸಿಂಧುವಾಗಿ ಹೋಗಬಹುದು. ಲಿಪ್‌ಸ್ಟಿಕ್ ಜೊತೆಗೇ ಇರಲಿ, ಹೊರಗೆ ಬಂದ ಮೇಲೆ ಹಚ್ಚಿಕೊಳ್ಳಿ, ಅಷ್ಟೇ.

ದೇಶದ ಮಟ್ಟದಲ್ಲಿ ಹೆಂಗಸರು ಓಟು ಹಾಕಿದ್ದು ಅದೇ ಮೊದಲು. ಮುಖ್ಯ ಪ್ರಶ್ನೆ: ರಾಜ ಬೇಕಾ, ಗಣರಾಜ್ಯ ಬೇಕಾ?

ಈಗ ಜೂನ್ 2 ಅಲ್ಲಿ ರಾಷ್ಟ್ರೀಯ ಹಬ್ಬ. ಮೆರವಣಿಗೆ ನೋಡಿದರೆ ಎಲ್ಲರೂ ಒಂದೇ ಮನಸ್ಸಿನಿಂದ ರಾಜನನ್ನು ಕಳಿಸಿದರು ಅನಿಸುತ್ತದೆ. ಹಾಗೇನೂ ಇರಲಿಲ್ಲ. ಗಣರಾಜ್ಯಕ್ಕೆ ಬಿದ್ದದ್ದು 1.27 ಕೋಟಿ ಓಟು, ರಾಜನಿಗೆ 1.07 ಕೋಟಿ. ದಕ್ಷಿಣದ ನೇಪಲ್ಸ್‌ನಲ್ಲಂತೂ ನೂರಕ್ಕೆ ಸುಮಾರು 80 ಜನ ರಾಜನ ಕಡೆ. ಉತ್ತರದ ತ್ರೆಂತೊದಲ್ಲಿ ಇದರ ಪೂರ್ತಿ ಉಲ್ಟಾ.

ಒಂದೇ ದೇಶ, ಯಾಕೆ ಹೀಗೆ? ರಾಜ ಮೂರನೇ ವಿತ್ತೋರಿಯೊ ಎಮಾನುವೇಲೆ 1922ರಲ್ಲಿ ಫ್ಯಾಸಿಸ್ಟ್ ಪಕ್ಷದ ನಾಯಕ ಮುಸೊಲಿನಿಯನ್ನು ಕರೆದು ಪ್ರಧಾನಿ ಮಾಡಿದವನು. 1938ರಲ್ಲಿ ಯಹೂದಿಗಳ ವಿರುದ್ಧದ ಕಾನೂನುಗಳಿಗೆ ಸಹಿ ಹಾಕಿದವನೂ ಅವನೇ. ಆದರೆ ಜನರ ಮನಸ್ಸಿನಿಂದ ಹೋಗದೆ ಉಳಿದದ್ದು 1943ರ ಸೆಪ್ಟೆಂಬರ್ 9ರ ಮುಂಜಾವು. ಮಿತ್ರಪಡೆಗಳ ಜೊತೆ ಯುದ್ಧವಿರಾಮ ಅಂತ ಹಿಂದಿನ ಸಂಜೆ ಘೋಷಣೆಯಾಗಿತ್ತು, ಬೆಳಗಾಗುವ ಹೊತ್ತಿಗೆ ರಾಜ, ಮನೆಯವರು, ದೊಡ್ಡ ದೊಡ್ಡ ಜನರಲ್‌ಗಳು ರೋಮ್ ಬಿಟ್ಟು, ಮುಂದೆ ಹಡಗು ಹತ್ತಿ ದಕ್ಷಿಣದ ಬ್ರಿಂದಿಸಿ ಸೇರಿಕೊಂಡರು. ಸೈನ್ಯಕ್ಕೆ ಸರಿಯಾದ ಒಂದು ಆದೇಶವೂ ಇಲ್ಲ! ಲಕ್ಷಾಂತರ ಸೈನಿಕರು, ಅಲ್ಲಿಯವರೆಗೆ ಜೊತೆಗಿದ್ದ ಜರ್ಮನ್ನರ ಕೈಗೇ ಸಿಕ್ಕಿಬಿದ್ದರು.

ಅಲ್ಲಿಂದ ದೇಶ ಎರಡು ಪಾಲಾಯಿತು. ಉತ್ತರದವರು 1945ರ ಏಪ್ರಿಲ್‌ವರೆಗೂ ನಾಜಿಗಳ ಕೆಳಗೆ ನರಳಿದರು, ಬೆಟ್ಟ ಹತ್ತಿ ಬಂದೂಕು ಹಿಡಿದರು. ಅವರಿಗೆ ರಾಜ ಅಂದರೆ ಕೈಬಿಟ್ಟು ಓಡಿದವನು. ದಕ್ಷಿಣದ ಬಹುಪಾಲು ಜನ ಅಷ್ಟು ದೀರ್ಘ ಆಕ್ರಮಣವನ್ನು ನೋಡಲಿಲ್ಲ, ರಾಜನೂ ಅವರ ನಡುವೆಯೇ ಇದ್ದ.

ಮತದಾನಕ್ಕೆ ತಿಂಗಳೂ ಇಲ್ಲ ಅನ್ನುವಾಗ, ಮೇ 9ರಂದು, ಮುದುಕ ರಾಜ ತನ್ನ ಮಗ ಉಂಬೆರ್ತೊಗೆ ಪಟ್ಟ ಬಿಟ್ಟುಕೊಟ್ಟ. ಮುಖ ಬದಲಾದರೆ ಮನೆತನ ಉಳಿದೀತು ಅನ್ನುವ ಲೆಕ್ಕ. ನನಗೆ ಕೇಳಿದರೆ ತುಂಬಾ ತಡವಾಗಿತ್ತು. ಜನ ಉಂಬೆರ್ತೊಗೆ 'ಮೇ ತಿಂಗಳ ರಾಜ' ಅಂತ ಹೆಸರಿಟ್ಟರು.

ಪಟ್ಟ ಬದಲಾದ ಎರಡೇ ದಿನಕ್ಕೆ ಮಿಲಾನ್‌ನಲ್ಲಿ, ಬಾಂಬಿಗೆ ಕುಸಿದು ಮತ್ತೆ ಕಟ್ಟಿದ ಸ್ಕಾಲಾ ರಂಗಮಂದಿರ ಬಾಗಿಲು ತೆರೆಯಿತು. ವಾದ್ಯವೃಂದ ನಡೆಸಿದ್ದು 79 ವರ್ಷದ ತೊಸ್ಕನೀನಿ. ಫ್ಯಾಸಿಸ್ಟರ ಹಾಡು ನುಡಿಸಲ್ಲ ಅಂದದ್ದಕ್ಕೆ 1931ರಲ್ಲಿ ಬೊಲೊನ್ಯದಲ್ಲಿ ಏಟು ತಿಂದಿದ್ದ ಮನುಷ್ಯ. ಅವನು ಮರಳಿ ಬಂದು ವಾದ್ಯವೃಂದದ ಮುಂದೆ ಕೋಲು ಎತ್ತಿದ್ದೇ ಒಂದು ರಾಜಕೀಯದ ಮಾತು, ಅಲ್ವಾ? ಅದೇ ವರ್ಷದ ಏಪ್ರಿಲ್‌ನಲ್ಲಿ, ವಿಮಾನ ಮಾಡುತ್ತಿದ್ದ ಪಿಯಾಜಿಯೊ ಕಂಪನಿ ಒಂದು ಅಗ್ಗದ ಸ್ಕೂಟರಿಗೆ ಪೇಟೆಂಟ್ ಕೇಳಿತ್ತು. ವೆಸ್ಪಾ! ಮುಂದೆ ಬಜಾಜ್ ಲೈಸೆನ್ಸ್ ಪಡೆದು ನಮ್ಮಲ್ಲೂ ಮಾಡಿತು, ಚೇತಕ್ ಓಡಿಸಿದವರಿಗೆ ಆ ಆಕಾರ ಗೊತ್ತೇ ಇರುತ್ತದೆ.

ಫಲಿತಾಂಶದ ಸುದ್ದಿಗೆ ನೇಪಲ್ಸ್‌ನಲ್ಲಿ ಗಲಭೆಯಾಗಿ ಜೀವಗಳೂ ಹೋದವು. ಜೂನ್ 13ರಂದು ಉಂಬೆರ್ತೊ ವಿಮಾನ ಹತ್ತಿ ಪೋರ್ಚುಗಲ್ ಕಡೆ ಹೋದ. ಹೊಸ ಗಣರಾಜ್ಯದ ಹಂಗಾಮಿ ಮುಖ್ಯಸ್ಥನಾಗಿ ಆರಿಸಿದ್ದು ಯಾರನ್ನು ಗೊತ್ತಾ? ನೇಪಲ್ಸ್‌ನವನೇ ಆದ, ರಾಜನ ಕಡೆ ಒಲವಿದ್ದ ವಕೀಲ ಎನ್ರಿಕೊ ದೆ ನಿಕೋಲಾನನ್ನು. ಸೋತವರನ್ನು ಸಮಾಧಾನ ಮಾಡಲು ಇದಕ್ಕಿಂತ ಜಾಣ ಆಯ್ಕೆ ಇರಲಿಲ್ಲ. ಸಂವಿಧಾನ ಬರೆಯಲು ಆಯ್ಕೆಯಾದ 556 ಜನರಲ್ಲಿ ಹೆಂಗಸರು ಬರೀ 21.

ಆ ಸಂವಿಧಾನ ರಾಜಮನೆತನದ ಗಂಡಸರು ದೇಶಕ್ಕೆ ಕಾಲಿಡಬಾರದು ಅಂದಿತು. ನಿಷೇಧ ಹೋದದ್ದು 2002ರಲ್ಲಿ. ಈಜಿಪ್ಟಿನಲ್ಲಿ ಸತ್ತ ಮುದುಕ ರಾಜನ ಅವಶೇಷ ಊರಿಗೆ ಬಂದದ್ದು 2017ರ ಡಿಸೆಂಬರ್‌ನಲ್ಲಿ, ಸೇನೆಯ ವಿಮಾನದಲ್ಲಿ. ಅದನ್ನು ಸರ್ಕಾರಿ ವಿಮಾನದಲ್ಲಿ ಯಾಕೆ ತಂದಿರಿ ಅಂತ ಮತ್ತೆ ಜಗಳ ಶುರುವಾಯಿತು.