ಬ್ಯಾಟರಿಗೆ ಎರಡೇ ವೈರು, ಹಳೆ ಹ್ಯಾಮ್ ಸೆಟ್ಟಿಗೆ ಇಷ್ಟೊಂದು ಪಿನ್ ಯಾಕೆ?

ತೀರ್ಥಹಳ್ಳಿ ಕಡೆಯ ಓದುಗರೊಬ್ಬರ ಪ್ರಶ್ನೆ: "ದೊಡ್ಡಪ್ಪನ ಮನೆ ಅಟ್ಟದಿಂದ ಎರಡು ಹಳೆ ಹ್ಯಾಮ್ ರೇಡಿಯೊ ಇಳಿಸಿದೆವು, ಗೋಣಿಚೀಲದಲ್ಲಿದ್ದವು. ಒಂದರ ಹಿಂದೆ ಆರು ಪಿನ್ನಿನ ಸಾಕೆಟ್ ಇದೆ, ಇನ್ನೊಂದರ ಹಿಂದೆ ಹತ್ತು-ಹನ್ನೆರಡು ಪಿನ್. ಬ್ಯಾಟರಿಗೆ ಬೇಕಾಗಿದ್ದು ಎರಡೇ ವೈರ್ ಅಲ್ವಾ? ಸಾಕೆಟ್ ಕಿತ್ತು ನೇರವಾಗಿ ಜೋಡಿಸಬಹುದಾ?"

ಸದ್ಯಕ್ಕೆ ಏನನ್ನೂ ಕೀಳಬೇಡಿ. ನಿಮ್ಮ ಎರಡು ಸೆಟ್ಟುಗಳಲ್ಲಿ ಪಿನ್ನು ಜಾಸ್ತಿ ಇರೋದಕ್ಕೆ ಕಾರಣ ಬೇರೆ ಬೇರೆ ಇರಬಹುದು.

ಮೊದಲು ಆರು ಪಿನ್ನಿನದು. ಹಿಂದೆ '13.8 ವೋಲ್ಟ್ ಡಿಸಿ' ಅಂತ ಬರೆದಿದೆಯಾ ನೋಡಿ. ಇದ್ದರೆ ಅದು ಟ್ರಾನ್ಸಿಸ್ಟರ್ ಸೆಟ್. ಇದರ ಆರು ಪಿನ್ನಿನ ಪ್ಲಗ್ಗನ್ನು ಹ್ಯಾಮ್‌ಗಳು (ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತಾಡುವವರು) ಮೋಲೆಕ್ಸ್ ಪ್ಲಗ್ ಅಂತಾರೆ. ಇಲ್ಲಿ ನಿಜಕ್ಕೂ ಬೇಕಾಗಿದ್ದು ಪ್ಲಸ್ಸು, ಮೈನಸ್ಸು ಎರಡೇ. ಆದರೆ 100 ವ್ಯಾಟ್ ಸೆಟ್ಟು ಮೈಕ್ ಒತ್ತಿದಾಗ ಸುಮಾರು 20 ಆಂಪ್ ಎಳೆಯುತ್ತದೆ. ಅಷ್ಟನ್ನೂ ಒಂದೇ ಸಣ್ಣ ಪಿನ್ನಿನ ತಲೆ ಮೇಲೆ ಹೇರುವ ಬದಲು ಪ್ಲಸ್ಸಿಗೆ ಎರಡು, ಮೈನಸ್ಸಿಗೆ ಎರಡು ಪಿನ್ ಕೊಟ್ಟು ಹಂಚುತ್ತಾರೆ. ಹಾಗಾಗಿ ಆರು ತೂತಿದ್ದರೂ ಎಷ್ಟೋ ಸೆಟ್ಟುಗಳಲ್ಲಿ ನಾಲ್ಕಕ್ಕೇ ವೈರ್ ಇರುತ್ತದೆ.

ನಮ್ಮ ಕಡೆ ಇದು ಕೈಕೊಡೋದು ಮಳೆಗಾಲದಲ್ಲಿ. ಒಂದು ವರ್ಷ ಪುಷ್ಯ ಮಳೆ ಹಿಡಿದಿತ್ತು, ಮೂರು ದಿನದಿಂದ ಕರೆಂಟಿಲ್ಲ. ನನ್ನ ಸೆಟ್ಟು ಬ್ಯಾಟರಿ ಮೇಲೆ ಚೆನ್ನಾಗಿ ಕೇಳಿಸುತ್ತಿತ್ತು. ಮೈಕ್ ಒತ್ತಿದ ಕೂಡಲೇ ಠಪ್ ಅಂತ ಆಫ್. ಬ್ಯಾಟರಿ ಹೋಯಿತು ಅಂದುಕೊಂಡು ಸುಮ್ನೆ ಅರ್ಧ ದಿನ ಅದನ್ನೇ ಬೈದೆ. ಕೊನೆಗೆ ಪ್ಲಗ್ ಎಳೆದು ನೋಡಿದರೆ ಬಿಳಿ ಪ್ಲಾಸ್ಟಿಕ್ಕಿನ ಒಂದು ಮೂಲೆ ಕಾಫಿ ಬಣ್ಣಕ್ಕೆ ತಿರುಗಿತ್ತು, ಒಳಗಿನ ಪಿನ್ನಿಗೆ ಹಸಿರು ಕಿಲುಬು.

ಲೆಕ್ಕ ಸುಲಭ. ಕಿಲುಬಿನಿಂದ ಬರೀ 0.05 ಓಮ್ ಅಡ್ಡಿ ಬಂತು ಅನ್ನಿ. 20 ಆಂಪ್ ಹರಿದಾಗ 1 ವೋಲ್ಟ್ ಅಲ್ಲೇ ಹೋಗುತ್ತದೆ, 20 ವ್ಯಾಟ್ ಬಿಸಿ ಆ ಸಣ್ಣ ಪ್ಲಗ್ಗಿನಲ್ಲಿ ಕೂರುತ್ತದೆ. ಸೋಲ್ಡರಿಂಗ್ ಐರನ್ ಒಂದನ್ನು ಒಳಗೆ ತುರುಕಿಟ್ಟ ಹಾಗೆ! ಈ ಸೆಟ್ಟುಗಳು ಸಾಮಾನ್ಯವಾಗಿ 13.8ಕ್ಕಿಂತ ಶೇ. 15ರಷ್ಟು ಕೆಳಗೆ, ಅಂದರೆ 11.7 ವೋಲ್ಟ್‌ವರೆಗೆ ತಡೆದುಕೊಳ್ಳುತ್ತವೆ. ಬ್ಯಾಟರಿ ಕೊಡೋದೇ 12.4, ಅದರಲ್ಲಿ ಒಂದು ವೋಲ್ಟನ್ನು ಪ್ಲಗ್ಗೇ ತಿಂದರೆ ಉಳಿಯೋದು 11.4. ಆಫ್ ಆಗದೆ ಇನ್ನೇನು?

ಹಾಗಾಗಿ ಪ್ಲಸ್ಸಿಗೊಂದು, ಮೈನಸ್ಸಿಗೊಂದು ಪಿನ್ ಸಾಕು ಅಂತ ಬಿಡಬೇಡಿ, ನಾಲ್ಕನ್ನೂ ಜೋಡಿಸಿ. ಯಾವುದು ಯಾವುದು ಅಂತ ತಿಳಿಯಲು ಮಲ್ಟಿಮೀಟರನ್ನು ಬೀಪ್‌ಗೆ ಇಡಿ. ಸೆಟ್ಟಿಗೆ ಏನೂ ಜೋಡಿಸಿರಬಾರದು. ಒಂದು ಕಡ್ಡಿ ಸೆಟ್ಟಿನ ಲೋಹದ ಮೈಗೆ ತಾಗಿಸಿ, ಇನ್ನೊಂದನ್ನು ಪಿನ್ನಿಂದ ಪಿನ್ನಿಗೆ ಒಯ್ಯಿರಿ. ಬೀಪ್ ಅಂದದ್ದು ಸಾಮಾನ್ಯವಾಗಿ ಮೈನಸ್. ಪ್ಲಸ್ಸಿನ ಜೋಡಿ ಮೈಗೆ ತಾಗಿಸಿದರೆ ಸುಮ್ಮನಿರುತ್ತದೆ, ತಮ್ಮತಮ್ಮಲ್ಲಿ ಬೀಪ್ ಅನ್ನುತ್ತದೆ. ಆಮೇಲೂ ಆ ಮಾಡೆಲ್ಲಿನ ಮ್ಯಾನುಯಲ್ ಜೊತೆ ತಾಳೆ ನೋಡಿ. ಕಂಪ್ಯೂಟರಿನ ಆರು ಪಿನ್ ಪ್ಲಗ್ ತರಬೇಡಿ, ಅದು ಇದಕ್ಕಿಂತ ಚಿಕ್ಕದು.

ಹಳೆ ಕೇಬಲ್ ಸಿಕ್ಕಿದರೆ ಎಸೆಯಬೇಡಿ, ಫ್ಯೂಸ್ ಇರೋದು ಅದರಲ್ಲೇ. ಆಂಡರ್ಸನ್ ಪವರ್‌ಪೋಲ್ (ಹ್ಯಾಮ್‌ಗಳು ಬಳಸುವ ಇನ್ನೊಂದು ಬಗೆಯ ಪ್ಲಗ್) ಹಾಕುವ ಆಸೆಯಿದ್ದರೆ ಕೇಬಲ್ಲಿನ ಬ್ಯಾಟರಿ ಕಡೆ ತುದಿಗೆ ಹಾಕಿ. ಸೆಟ್ಟಿನ ಸಾಕೆಟ್ ಹಾಗೇ ಇರಲಿ. ಕಿಲುಬಿಗೆ ಐಸೊಪ್ರೊಪೈಲ್ ಆಲ್ಕೋಹಾಲ್, ಸಣ್ಣ ಬ್ರಷ್. ಮರಳು ಕಾಗದ ಬೇಡ, ಪಿನ್ನಿನ ಮೇಲಿನ ಲೇಪವೇ ಕಿತ್ತು ಬರುತ್ತದೆ.

ಇನ್ನು ಹನ್ನೆರಡು ಪಿನ್ನಿನದು. ಇದು ವಾಲ್ವ್ ಸೆಟ್ (ಟ್ರಾನ್ಸಿಸ್ಟರ್ ಬದಲು ಬಲ್ಬಿನಂಥ ಗಾಜಿನ ವಾಲ್ವ್ ಇರುವುದು) ಆಗಿರುವ ಸಾಧ್ಯತೆ ಜಾಸ್ತಿ. ಇಲ್ಲಿ ಪಿನ್ನುಗಳು ಭಾರ ಹಂಚಿಕೊಳ್ಳಲು ಇರೋದಲ್ಲ, ಒಂದೊಂದರದ್ದು ಒಂದೊಂದು ಕೆಲಸ. ಹೀತ್‌ಕಿಟ್ ಎಚ್‌ಡಬ್ಲ್ಯು-101 ತರಹದ ಸೆಟ್ಟಿನಲ್ಲಿ ವಾಲ್ವನ್ನು ಒಳಗಿಂದ ಕಾಯಿಸುವ ಹೀಟರಿಗೆ 12.6 ವೋಲ್ಟ್ ಬೇಕು, ಸಣ್ಣ ವಾಲ್ವುಗಳಿಗೆ 300ರ ಆಸುಪಾಸು, ಆಂಟೆನಾಕ್ಕೆ ಶಕ್ತಿ ಕೊಡುವ ಕೊನೆಯ ಹಂತಕ್ಕೆ 700–800, ಜೊತೆಗೆ ಮೈನಸ್ ಬಯಾಸ್ (ವಾಲ್ವಿನ ಕರೆಂಟನ್ನು ಹದದಲ್ಲಿಡುವ ವೋಲ್ಟೇಜ್). ಇಷ್ಟೂ ಪಕ್ಕಪಕ್ಕದ ಪಿನ್ನಿನಲ್ಲೇ ಹೋಗುತ್ತವೆ. ಆನ್-ಆಫ್ ಸ್ವಿಚ್ ರೇಡಿಯೊದಲ್ಲಿ, ಟ್ರಾನ್ಸ್‌ಫಾರ್ಮರ್ ಹೊರಗಿನ ಪೆಟ್ಟಿಗೆಯಲ್ಲಿ. ಅಂದರೆ ಸ್ವಿಚ್ ಆಫ್ ಇದ್ದರೂ ಗೋಡೆಯ 230 ವೋಲ್ಟ್ ರೇಡಿಯೊ ಹಿಂದಿನ ಪ್ಲಗ್‌ವರೆಗೆ ಬಂದು ಕೂತಿರುತ್ತದೆ. ಗೋಡೆಯಿಂದ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು. ಬ್ಯಾಟರಿಗೆ ನೇರ ಜೋಡಿಸುವ ಮಾತು ಇಲ್ಲಿ ಬಿಟ್ಟುಬಿಡಿ. ಇದನ್ನು ವಾಲ್ವ್ ಕೆಲಸ ಗೊತ್ತಿರುವ ಹ್ಯಾಮ್ ಒಬ್ಬರ ಮುಂದೆಯೇ ತೆರೆಯಿರಿ. ಎರಡರಲ್ಲಿ ಯಾವುದರಲ್ಲೇ ಮಾತಾಡಬೇಕಾದರೂ ಲೈಸೆನ್ಸ್ ಬೇಕು, ಅದು ಗೊತ್ತಿರುತ್ತದೆ.

ಒಂದು ವೇಳೆ ಅದು ಯೇಸು (Yaesu) ಕಂಪನಿಯ ಎಫ್‌ಟಿ-101 ಆಗಿದ್ದರೆ ಕಥೆ ಸ್ವಲ್ಪ ಬೇರೆ. ಅದರ ಪವರ್ ಸಪ್ಲೈ ಒಳಗೇ ಇದೆ. ಆದರೆ ಹಿಂದೆ ಇನ್ನೊಂದು ಸಾಕೆಟ್ ಇದೆ, ಅದಕ್ಕೊಂದು ಪುಟ್ಟ ಪ್ಲಗ್ ಸದಾ ಚುಚ್ಚಿರಬೇಕು. ಹೊರಗಿನ ಯಾವ ವೈರೂ ಅದಕ್ಕಿಲ್ಲ. ಒಳಗೆ ಎರಡು ಪಿನ್ ಸೇರಿಸುವ ಒಂದು ತುಂಡು ವೈರ್, ಅಷ್ಟೇ. ಕೊನೆಯ ಹಂತದ ವಾಲ್ವುಗಳ ಹೀಟರ್ ಉರಿಯೋದು ಅದರ ಮೂಲಕ. ಅದಿಲ್ಲದಿದ್ದರೆ ಸೆಟ್ಟು ಚೆನ್ನಾಗಿ ಕೇಳಿಸುತ್ತದೆ, ಮೈಕ್ ಒತ್ತಿದರೆ ಮಾತ್ರ ಏನೂ ಹೊರಗೆ ಹೋಗುವುದಿಲ್ಲ. ಕೆಲಸಕ್ಕೆ ಬಾರದ್ದು ಅಂತ ಕಾಣುವ ಪ್ಲಗ್ ಅದು. ಆ ಗೋಣಿಚೀಲವನ್ನು ಇನ್ನೊಮ್ಮೆ ಕೊಡವಿ ನೋಡಿ.